ಬ್ರೆಮೆನ್‌ನ ಪ್ರಶ್ನೆ, ಬ್ರಸೆಲ್ಸ್‌ನ ಪಾಠ

ಯುರೋಪಿನ ನ್ಯಾಯ ಮತ್ತು ಭದ್ರತಾ ನೀತಿಯನ್ನು ನಾಳೆ ನಡೆಸಬೇಕಾದವರನ್ನು ಇಂದೇ ಸಜ್ಜುಗೊಳಿಸಬೇಕು ಎಂಬ ಮಾತಿಗೆ ಆ ಖಂಡದಲ್ಲಿ ಎದುರಾಡುವವರು ವಿರಳ. ಜರ್ಮನಿಯ ಟ್ರಿಯರ್‌ನಲ್ಲಿ 1992ರಲ್ಲಿ ಸ್ಥಾಪನೆಯಾದ ಯುರೋಪಿಯನ್ ಕಾನೂನು ಅಕಾಡೆಮಿ ಇದೆ. ಪೊಲೀಸ್ ಅಧಿಕಾರಿಗಳಿಗೆ ಪಾಠ ಹೇಳುವ ಸೆಪೋಲ್ ಬುಡಾಪೆಸ್ಟ್‌ನಲ್ಲಿದೆ. 2000ದಲ್ಲಿ ಹುಟ್ಟಿದ ಯುರೋಪಿಯನ್ ನ್ಯಾಯಾಂಗ ತರಬೇತಿ ಜಾಲ ಬ್ರಸೆಲ್ಸ್‌ನಿಂದ ಕೆಲಸ ಮಾಡುತ್ತದೆ. ಇವುಗಳ ಸುತ್ತ ಸ್ನಾತಕೋತ್ತರ ಕೋರ್ಸುಗಳು, ಬೇಸಿಗೆ ಶಾಲೆಗಳು, ಐರೋಪ್ಯ ಆಯೋಗದ ಐದು ತಿಂಗಳ ಇಂಟರ್ನ್‌ಷಿಪ್ಪುಗಳು, ಹೇಗ್ ನಗರದಲ್ಲಿರುವ ಪೊಲೀಸ್ ಸಹಕಾರ ಸಂಸ್ಥೆ ಯುರೋಪೋಲ್ ಮತ್ತು ನ್ಯಾಯ ಸಹಕಾರ ಸಂಸ್ಥೆ ಯುರೋಜಸ್ಟ್ ಕಚೇರಿಗಳ ಅವಕಾಶಗಳು ಬೆಳೆದು ನಿಂತಿವೆ. ಕಾನೂನು ಓದಿದ, ಎರಡು ಮೂರು ಭಾಷೆ ಬಲ್ಲ, ಇಪ್ಪತ್ತೈದರ ಆಸುಪಾಸಿನ ತರುಣ ತರುಣಿಯರು ಈ ದಾರಿಯಲ್ಲಿ ನಡೆದು ಒಂದು ದಿನ ನೀತಿ ಬರೆಯುವ ಮೇಜಿಗೆ ಬಂದು ಕೂರುತ್ತಾರೆ.

ಈ ವ್ಯವಸ್ಥೆಯನ್ನು ಕಟ್ಟಿದವರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. ಎರಡು ಮಹಾಯುದ್ಧಗಳಲ್ಲಿ ಒಬ್ಬರನ್ನೊಬ್ಬರು ಕೊಂದುಕೊಂಡ ದೇಶಗಳು ತಮ್ಮ ಮಕ್ಕಳನ್ನು ಒಂದೇ ತರಗತಿಯಲ್ಲಿ ಕೂರಿಸಿ ಕಾನೂನು ಕಲಿಸುತ್ತಿರುವುದು ಸಣ್ಣ ಸಾಧನೆಯೇನಲ್ಲ. ಆದರೆ ಈ ತರಬೇತಿಯ ತಳದಲ್ಲಿರುವ ಒಂದು ನಂಬಿಕೆಯನ್ನು ನಾನು ಒಪ್ಪಲಾರೆ. ತರಬೇತಿಯ ಉದ್ದೇಶ ದೇಶ ದೇಶಗಳ ನ್ಯಾಯಾಧಿಕಾರಿಗಳ ನಡುವೆ ಪರಸ್ಪರ ವಿಶ್ವಾಸ ಬೆಳೆಸುವುದು ಎಂದು ಆಯೋಗದ ದಾಖಲೆಗಳು ಹೇಳುತ್ತವೆ. 2011ರ ಕಾರ್ಯನೀತಿಯ ಶೀರ್ಷಿಕೆಯಲ್ಲೇ ಆ ಮಾತಿದೆ. ನನಗನ್ನಿಸುವಂತೆ ವಿಶ್ವಾಸ ಪಾಠದಿಂದ ಬರುವಂಥದ್ದಲ್ಲ. ಪಾಠದಿಂದ ಬರಬೇಕಾದದ್ದು ತಿಳಿದು ಅನುಮಾನಿಸುವ ಶಕ್ತಿ. ಅದನ್ನು ಕಲಿಯುವ ಜಾಗ ನೀತಿ ತಯಾರಾಗುವ ನಗರವಲ್ಲ, ನೀತಿ ಮನುಷ್ಯರ ಮೇಲೆ ಬಂದು ಬೀಳುವ ಊರು.

ಹೀಗೆ ಹೇಳಲು ಕಾರಣಗಳಿವೆ. ಮೊದಲು ಎದುರು ಪಕ್ಷದ ಬಲವನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ.

1999ರ ಅಕ್ಟೋಬರ್‌ನಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ ಸೇರಿದ ಐರೋಪ್ಯ ಒಕ್ಕೂಟದ ನಾಯಕರು, ಒಂದು ದೇಶದ ನ್ಯಾಯಾಲಯದ ತೀರ್ಮಾನವನ್ನು ಇನ್ನೊಂದು ದೇಶ ಮಾನ್ಯ ಮಾಡಬೇಕು ಎಂಬ ತತ್ವವೇ ನ್ಯಾಯ ಸಹಕಾರದ ಮೂಲಗಲ್ಲು ಎಂದು ಸಾರಿದರು. ಅಮೆರಿಕದ ಮೇಲೆ 2001ರ ಸೆಪ್ಟೆಂಬರ್ 11ರಂದು ನಡೆದ ದಾಳಿಯ ನಂತರ ಆ ತತ್ವಕ್ಕೆ ವೇಗ ಬಂತು. 2002ರ ಜೂನ್ 13ರಂದು ಯುರೋಪಿಯನ್ ಬಂಧನ ವಾರಂಟ್‌ನ ನಿರ್ಣಯ ಹೊರಬಿತ್ತು, 2004ರ ಜನವರಿ 1ರಿಂದ ಅದು ಅನ್ವಯವಾಯಿತು. ಬೇಕಾದ ವ್ಯಕ್ತಿಯನ್ನು ಇನ್ನೊಂದು ದೇಶಕ್ಕೆ ಒಪ್ಪಿಸುವ, ಮಂತ್ರಿಗಳ ಕೈಯಲ್ಲಿದ್ದ ಹಸ್ತಾಂತರದ ಅಧಿಕಾರ ನ್ಯಾಯಾಲಯಗಳಿಗೆ ಬಂತು. 32 ಬಗೆಯ ಅಪರಾಧಗಳಲ್ಲಿ, ವಾರಂಟ್ ಹೊರಡಿಸಿದ ದೇಶದ ಕಾನೂನಿನಂತೆ ಗರಿಷ್ಠ ಶಿಕ್ಷೆ ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಆ ಕೃತ್ಯ ತನ್ನ ನೆಲದಲ್ಲೂ ಅಪರಾಧವೇ ಎಂದು ಒಪ್ಪಿಸುವ ದೇಶ ಕೇಳುವಂತಿಲ್ಲ. ಬಂಧಿತ ತಾನೇ ಒಪ್ಪಿದರೆ ಹತ್ತು ದಿನ, ಒಪ್ಪದಿದ್ದರೆ 60 ದಿನದೊಳಗೆ ತೀರ್ಮಾನವಾಗಬೇಕು.

ಇದರ ಲಾಭ ಕಣ್ಣಿಗೆ ಕಾಣುವಂಥದ್ದು. 1995ರ ಪ್ಯಾರಿಸ್ ಬಾಂಬ್ ಸ್ಫೋಟಗಳಿಗೆ ಸಂಬಂಧಿಸಿದ ಒಬ್ಬ ಆರೋಪಿಯನ್ನು ಅದೇ ವರ್ಷ ಲಂಡನ್ನಿನಲ್ಲಿ ಹಿಡಿದರೂ ಫ್ರಾನ್ಸಿಗೆ ಒಪ್ಪಿಸಲು ಬ್ರಿಟನ್ನಿಗೆ ಹತ್ತು ವರ್ಷ ಬೇಕಾಯಿತು. 2005ರ ಜುಲೈ 21ರಂದು ಲಂಡನ್ನಿನ ರೈಲುಗಳಲ್ಲಿ ಸ್ಫೋಟದ ಯತ್ನ ನಡೆಸಿ ರೋಮ್‌ಗೆ ಓಡಿಹೋದವನನ್ನು ಇಟಲಿ ಹೊಸ ವಾರಂಟ್‌ನಡಿ ಎರಡು ತಿಂಗಳೊಳಗೆ ಹಿಂದಕ್ಕೆ ಕಳಿಸಿತು. ಗಾಯಗೊಂಡವರಿಗೆ, ಸತ್ತವರ ಮನೆಯವರಿಗೆ ಹತ್ತು ವರ್ಷಕ್ಕೂ ಎರಡು ತಿಂಗಳಿಗೂ ಇರುವ ಅಂತರವನ್ನು ಯಾರೂ ವಿವರಿಸಬೇಕಿಲ್ಲ. ಇಂಥ ಸಲಕರಣೆ ಬಂದಾಗ ಅದನ್ನು ಬಳಸಬಲ್ಲ ಜನ ಬೇಕು. ಮೊದಲ ವರ್ಷಗಳಲ್ಲಿ ಎಷ್ಟೋ ನ್ಯಾಯಾಧೀಶರಿಗೆ ವಾರಂಟ್‌ನ ನಮೂನೆಯೇ ಹೊಸದು. ಚಿಕ್ಕಪುಟ್ಟ ಅಪರಾಧಗಳಿಗೂ ವಾರಂಟ್ ಹೊರಡುತ್ತಿದೆ ಎಂದು ಆಯೋಗವೇ 2011ರಲ್ಲಿ ಆತಂಕ ವ್ಯಕ್ತಪಡಿಸಿತು. ಹಾಗಾಗಿ ತರಬೇತಿ ಅನಗತ್ಯ ಎಂದು ನಾನು ಹೇಳುತ್ತಿಲ್ಲ. ಒಂದು ಊರಿನ ಪ್ರಾಸಿಕ್ಯೂಟರ್‌ಗೆ ಇನ್ನೊಂದು ದೇಶದ ಪ್ರಾಸಿಕ್ಯೂಟರ್‌ನ ಮುಖ ಪರಿಚಯವಿದ್ದರೆ ತಿಂಗಳ ಪತ್ರವ್ಯವಹಾರ ಒಂದು ಫೋನ್ ಕರೆಯಲ್ಲಿ ಮುಗಿಯುತ್ತದೆ. ಅದೂ ನಿಜ.

ತಕರಾರಿರುವುದು ಇಲ್ಲಿಂದ ಮುಂದೆ ನಡೆದ ತರ್ಕದಲ್ಲಿ. ವ್ಯವಸ್ಥೆ ನಡೆಯಲು ವಿಶ್ವಾಸ ಬೇಕು, ವಿಶ್ವಾಸ ಇದೆ ಎಂದು ಕಾನೂನು ಭಾವಿಸಿಕೊಂಡಿದೆ, ನಿಜವಾಗಿ ಅದು ಇಲ್ಲದಿದ್ದರೆ ತರಬೇತಿಯಿಂದ ಹುಟ್ಟಿಸೋಣ ಎಂಬ ತರ್ಕ ಅದು. 2009ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದ ನ್ಯಾಯಾಧೀಶರ ಮತ್ತು ನ್ಯಾಯಾಂಗ ಸಿಬ್ಬಂದಿಯ ತರಬೇತಿಗೆ ಬೆಂಬಲ ನೀಡುವುದನ್ನು ಒಕ್ಕೂಟದ ಕೆಲಸವನ್ನಾಗಿ ಬರೆದಿಟ್ಟಿತು. 2011ರಲ್ಲಿ ಆಯೋಗ ಗುರಿ ಹಾಕಿಕೊಂಡಿತು: 2020ರೊಳಗೆ ಒಕ್ಕೂಟದ ಕಾನೂನು ವೃತ್ತಿಯವರಲ್ಲಿ ಅರ್ಧದಷ್ಟು ಜನ, ಅಂದರೆ ಸುಮಾರು 7 ಲಕ್ಷ ಮಂದಿ, ಯುರೋಪಿಯನ್ ಕಾನೂನಿನ ಯಾವುದಾದರೂ ತರಬೇತಿಯಲ್ಲಿ ಪಾಲ್ಗೊಂಡಿರಬೇಕು. ಹೇಳಿದ ಅವಧಿಗೆ ಮುಂಚೆಯೇ ಗುರಿ ಮುಟ್ಟಿದ್ದಾಗಿಯೂ ಘೋಷಿಸಿತು. ತರಗತಿಗೆ ಬಂದವರ ಸಂಖ್ಯೆ ಸಿಕ್ಕಿತು. ಬಂದು ಹೋದವರು ಮರುದಿನ ತಮ್ಮ ಮುಂದೆ ನಿಂತ ಕೈದಿಯನ್ನು ಬೇರೆ ರೀತಿ ನೋಡಿದರೇ ಎಂಬುದು ಆ ಲೆಕ್ಕದಲ್ಲಿ ಹಿಡಿಸುವ ವಿಷಯವಲ್ಲ.

ಯುರೋಪಿನ ನ್ಯಾಯವನ್ನು ನಿಜವಾಗಿ ಮೇಲೆತ್ತಿದ ಗಳಿಗೆಗಳು ಯಾವುವು ಎಂದು ಹುಡುಕಿದರೆ ನನಗೆ ಮೊದಲು ಕಾಣುವುದು ಬ್ರೆಮೆನ್. ಉತ್ತರ ಜರ್ಮನಿಯ ಬಂದರು ನಗರ ಅದು. ಅಲ್ಲಿನ ಉಚ್ಚ ಪ್ರಾದೇಶಿಕ ನ್ಯಾಯಾಲಯದ ಮುಂದೆ 2015ರ ಹೊತ್ತಿಗೆ ಎರಡು ವಾರಂಟ್‌ಗಳು ಬಂದವು. ಒಂದು ಹಂಗೇರಿಯದು, ಕಳ್ಳತನದ ಆರೋಪ. ಇನ್ನೊಂದು ರೊಮೇನಿಯದು, ಲೈಸೆನ್ಸ್ ಇಲ್ಲದೆ ವಾಹನ ಓಡಿಸಿದ್ದಕ್ಕೆ ಒಂದು ವರ್ಷ ಎಂಟು ತಿಂಗಳ ಶಿಕ್ಷೆಯಾದ ವ್ಯಕ್ತಿಯದು. ಎರಡೂ ಪತ್ರಗಳು ಕ್ರಮಬದ್ಧವಾಗಿದ್ದವು. ನಮ್ಮಲ್ಲಿ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಬಗ್ಗೆ ಗಾದೆಯಿದೆ. ಪರಸ್ಪರ ಮಾನ್ಯತೆಯ ತತ್ವವನ್ನು ಅಕ್ಷರಶಃ ಹಿಡಿದರೆ ಬ್ರೆಮೆನ್‌ನವರು ಮಾಡಬೇಕಿದ್ದದ್ದು ಅದನ್ನೇ. ಅವರು ಮಾಡಲಿಲ್ಲ. ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ ಆ ಎರಡು ದೇಶಗಳ ಕಿಕ್ಕಿರಿದ ಜೈಲುಗಳ ಬಗ್ಗೆ ಕೊಟ್ಟಿದ್ದ ತೀರ್ಪುಗಳನ್ನು ಅವರು ಓದಿದರು. ಚಿತ್ರಹಿಂಸೆ ತಡೆ ಸಮಿತಿಯ ಸದಸ್ಯರು ಜೈಲುಗಳ ಒಳಹೊಕ್ಕು ಕಂಡು ಬರೆದಿದ್ದನ್ನೂ ಓದಿದರು. ಈ ಮನುಷ್ಯರನ್ನು ಅಂಥ ಜಾಗಕ್ಕೆ ಕಳಿಸಲು ನಾವು ಬದ್ಧರೇ ಎಂದು ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯವನ್ನು ಕೇಳಿದರು.

2016ರ ಏಪ್ರಿಲ್ 5ರಂದು ಬಂದ ಉತ್ತರ, ಹದಿನಾಲ್ಕು ವರ್ಷ ಹಳೆಯ ನಿರ್ಣಯದಲ್ಲಿ ಬರೆದಿರದ ಒಂದು ಬಾಗಿಲನ್ನು ತೆರೆಯಿತು. ಅಮಾನವೀಯ ಸ್ಥಿತಿಯ ನಿಜವಾದ ಅಪಾಯ ಇದೆ ಎಂಬುದಕ್ಕೆ ವಸ್ತುನಿಷ್ಠ, ನಂಬಲರ್ಹ ಸಾಕ್ಷ್ಯವಿದ್ದರೆ ನ್ಯಾಯಾಧೀಶ ನಿಲ್ಲಬೇಕು, ಕೇಳಬೇಕು, ತೃಪ್ತಿಕರ ಉತ್ತರ ಬರುವವರೆಗೆ ಒಪ್ಪಿಸುವುದನ್ನು ಮುಂದೂಡಬೇಕು. 2019ರಲ್ಲಿ ಹ್ಯಾಂಬರ್ಗ್‌ನಿಂದ ಹೋದ ಇನ್ನೊಂದು ಪ್ರಶ್ನೆಗೆ ಉತ್ತರಿಸುತ್ತ ಅದೇ ನ್ಯಾಯಾಲಯ, ಹಲವರಿರುವ ಕೋಣೆಯಲ್ಲಿ ಒಬ್ಬ ಕೈದಿಗೆ ಮೂರು ಚದರ ಮೀಟರ್ ಎಂಬ ಅಳತೆಯನ್ನು ಹೇಗೆ ಎಣಿಸಬೇಕೆಂದೂ ಹೇಳಿತು: ಶೌಚದ ಜಾಗ ಬಿಟ್ಟು, ಮಂಚ ಮೇಜುಗಳ ಜಾಗ ಸೇರಿಸಿ. ಒಬ್ಬ ಮನುಷ್ಯ ಕಾಲು ಚಾಚುವ ಜಾಗದ ಲೆಕ್ಕ ಯುರೋಪಿನ ಅತ್ಯುನ್ನತ ನ್ಯಾಯಪೀಠದವರೆಗೆ ಹೋಗಿದ್ದು ಹೀಗೆ.

ಡಬ್ಲಿನ್‌ನಲ್ಲಿ ಐಲೀನ್ ಡಾನೆಲಿ ಎಂಬ ಹೈಕೋರ್ಟ್ ನ್ಯಾಯಾಧೀಶೆ 2018ರಲ್ಲಿ ಇದಕ್ಕಿಂತ ಕಠಿಣ ಪ್ರಶ್ನೆ ಎತ್ತಿದರು. ಪೋಲೆಂಡ್ ತನ್ನ ನ್ಯಾಯಾಂಗದ ಸ್ವಾತಂತ್ರ್ಯವನ್ನು ಕಾನೂನಿನ ಮೂಲಕವೇ ಕುಗ್ಗಿಸುತ್ತಿರುವಾಗ, ಅಲ್ಲಿ ಬೇಕಾದ ಆರೋಪಿಗೆ ನ್ಯಾಯಯುತ ವಿಚಾರಣೆ ಸಿಗುತ್ತದೆಂದು ನಾನು ಹೇಗೆ ನಂಬಲಿ ಎಂಬುದು ಅದರ ತಿರುಳು. ಅದೇ ವರ್ಷದ ಜುಲೈನಲ್ಲಿ ಲಕ್ಸೆಂಬರ್ಗ್ ಆಕೆಗೆ ಪರಿಶೀಲಿಸುವ ಅಧಿಕಾರವನ್ನು ಖಚಿತಪಡಿಸಿತು. 2019ರ ಮೇ ತಿಂಗಳಲ್ಲಿ ಐರ್ಲೆಂಡಿನಿಂದಲೇ ಹೋದ ಇನ್ನೆರಡು ಪ್ರಕರಣಗಳಲ್ಲಿ ಸರದಿ ಜರ್ಮನಿಯದು. ಲೂಬೆಕ್ ಮತ್ತು ಝ್ವಿಕಾವ್ ಊರುಗಳ ಪ್ರಾಸಿಕ್ಯೂಟರ್‌ಗಳು ನ್ಯಾಯ ಮಂತ್ರಿಯ ಸೂಚನೆಗೆ ಒಳಪಡುವವರಾದ್ದರಿಂದ ಅವರು ಈ ವಾರಂಟ್ ಹೊರಡಿಸುವಂತಿಲ್ಲ ಎಂದು ತೀರ್ಪಾಯಿತು. ಜರ್ಮನಿಯ ನ್ಯಾಯ ವ್ಯವಸ್ಥೆ ನಂಬಿಕೆಗೆ ಅರ್ಹ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಇಬ್ಬರು ಬಂಧಿತರ ವಕೀಲರು ಕೇಳಿದ್ದರಿಂದಲೇ ಅದರ ರಚನೆಯಲ್ಲಿದ್ದ ಬಿರುಕು ಹೊರಬಂತು.

ಅನುಮಾನ ಸಹಕಾರವನ್ನು ಮುರಿಯುತ್ತದೆ ಎಂದು ಭಯಪಡುವವರು ಡಬ್ಲಿನ್ ಪ್ರಕರಣದ ಕೊನೆಯನ್ನು ನೋಡಬೇಕು. ಉತ್ತರ ಬಂದ ಮೇಲೆ ಡಾನೆಲಿ ಅದನ್ನು ತೂಗಿ ನೋಡಿ ಆ ವ್ಯಕ್ತಿಯನ್ನು ಪೋಲೆಂಡಿಗೆ ಒಪ್ಪಿಸಲು ಆದೇಶಿಸಿದರು. 2019ರಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೇಳಿದ್ದರಿಂದ ಒಪ್ಪಂದ ಮುರಿಯಲಿಲ್ಲ. ಹಾಗೆ ಕೇಳಿ ಕೊಟ್ಟ ಆದೇಶಕ್ಕೆ ಕೇಳದೆ ಕೊಟ್ಟ ಆದೇಶಕ್ಕಿಲ್ಲದ ಗೌರವ ಇರುತ್ತದೆ.

ಹಾಗೆಂದು ಅನುಮಾನ ತಾನಾಗಿಯೇ ಒಳ್ಳೆಯದೆಂದು ನಾನು ತಿಳಿದಿಲ್ಲ. ಅದಕ್ಕೂ ಬ್ರೆಮೆನ್ನೇ ಸಾಕ್ಷಿ. ಮುಂದೊಂದು ಹಂಗೇರಿ ಪ್ರಕರಣದಲ್ಲಿ ಅಲ್ಲಿನ ಪ್ರಾಸಿಕ್ಯೂಷನ್ ಕಚೇರಿ ಹಂಗೇರಿಯ ಜೈಲುಗಳ ಬಗ್ಗೆ ಒಟ್ಟು 78 ಪ್ರಶ್ನೆಗಳ ಪಟ್ಟಿ ಕಳಿಸಿತ್ತು. 2018ರ ಜುಲೈನಲ್ಲಿ ಲಕ್ಸೆಂಬರ್ಗ್ ಇದನ್ನು ಒಪ್ಪಲಿಲ್ಲ. ಇಷ್ಟು ಪ್ರಶ್ನೆಗಳಿಗೆ ಉಪಯುಕ್ತ ಉತ್ತರ ಕೊಡುವುದು ವ್ಯವಹಾರದಲ್ಲಿ ಅಸಾಧ್ಯ, ಆ ವ್ಯಕ್ತಿಯನ್ನು ನಿಜವಾಗಿ ಇಡಲಿರುವ ಜೈಲಿನ ಸ್ಥಿತಿಯನ್ನಷ್ಟೇ ಕೇಳಿ ಎಂದಿತು. ನನ್ನ ವಾದದ ಗಟ್ಟಿ ಭಾಗ ಇಲ್ಲಿದೆ. 78 ಪ್ರಶ್ನೆ ಕೇಳುವವರು ಏನನ್ನು ಕೇಳಬೇಕೆಂದು ತಿಳಿಯದವರು. ಜೈಲಿನಲ್ಲಿ ಕಾಲ ಕಳೆದವರು ಐದು ಪ್ರಶ್ನೆ ಕೇಳುತ್ತಾರೆ: ಕೋಣೆ ಎಷ್ಟು ದೊಡ್ಡದು, ಎಷ್ಟು ಜನ, ದಿನಕ್ಕೆ ಎಷ್ಟು ಹೊತ್ತು ಹೊರಗೆ ಬಿಡುತ್ತಾರೆ, ಕಾಯಿಲೆಯಾದರೆ ವೈದ್ಯರು ಯಾವಾಗ ಬರುತ್ತಾರೆ, ದೂರು ಕೊಟ್ಟರೆ ಅದು ಯಾರ ಕೈ ಸೇರುತ್ತದೆ. ತರಬೇತಿ ಬೇಕಾದದ್ದು ಈ ವಿವೇಕಕ್ಕೆ.

ಫ್ರಾನ್ಸ್ ಇದನ್ನು ದೊಡ್ಡ ಬೆಲೆ ತೆತ್ತು ಕಲಿಯಿತು. ಅಲ್ಲಿ ನ್ಯಾಯಾಧೀಶರಾಗಬಯಸುವವರು ಬೋರ್ಡೋ ನಗರದ ರಾಷ್ಟ್ರೀಯ ಶಾಲೆಗೆ ಸೇರುತ್ತಾರೆ. ಕಠಿಣ ಪ್ರವೇಶ ಪರೀಕ್ಷೆ, ದೀರ್ಘ ತರಬೇತಿ, ದೇಶದ ಅತಿ ಜಾಣ ಹುಡುಗರು. 2001ರಲ್ಲಿ ಉತ್ತರ ಫ್ರಾನ್ಸಿನ ಊತ್ರೊ ಎಂಬ ಪಟ್ಟಣದಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಭೀಕರ ಪ್ರಕರಣ ಬಯಲಾದಾಗ ತನಿಖೆಯ ಹೊಣೆ ಹೊತ್ತದ್ದು ಆ ಶಾಲೆಯಿಂದ ಆಗಷ್ಟೇ ಹೊರಬಂದು ಮೊದಲ ಹುದ್ದೆಯಲ್ಲಿದ್ದ ತರುಣ ನ್ಯಾಯಾಧೀಶರು. ಕೆಲವು ಮಕ್ಕಳು ನಿಜಕ್ಕೂ ಬಲಿಪಶುಗಳಾಗಿದ್ದರು, ಕೆಲವು ಆರೋಪಿಗಳು ತಪ್ಪೊಪ್ಪಿಕೊಂಡರು. ಆದರೆ ಅವರ ಹೇಳಿಕೆಗಳ ಬಲದ ಮೇಲೆ ಏನೂ ಅರಿಯದವರೂ ಜೈಲು ಸೇರಿದರು. ಒಬ್ಬ ವ್ಯಕ್ತಿ ವಿಚಾರಣೆಗೆ ಮುನ್ನವೇ ಜೈಲಿನಲ್ಲಿ ತೀರಿಕೊಂಡ. 2005ರ ಕೊನೆಯ ಹೊತ್ತಿಗೆ ಒಟ್ಟು 13 ಮಂದಿ ನಿರ್ದೋಷಿಗಳೆಂದು ಬಿಡುಗಡೆಯಾಗಿದ್ದರು. 2006ರಲ್ಲಿ ಸಂಸತ್ತಿನ ಸಮಿತಿ ನಡೆಸಿದ ವಿಚಾರಣೆಯನ್ನು ಇಡೀ ದೇಶ ಟಿವಿಯಲ್ಲಿ ನೋಡಿತು.

ಎಲ್ಲವನ್ನೂ ಆ ಒಬ್ಬ ತರುಣನ ತಲೆಗೆ ಕಟ್ಟುವುದು ಅನ್ಯಾಯ. ಆತನ ಆದೇಶಗಳನ್ನು ಮೇಲಿನ ಹಿರಿಯ ನ್ಯಾಯಾಧೀಶರು ಮತ್ತೆ ಮತ್ತೆ ಒಪ್ಪಿದ್ದರು. ಹಾಗಾಗಿ ಚರ್ಚೆ ವ್ಯಕ್ತಿಯಿಂದ ಶಾಲೆಯ ಕಡೆಗೆ ತಿರುಗಿತು. ಕಾನೂನು ಬಲ್ಲ, ಪರೀಕ್ಷೆ ಗೆದ್ದ, ಶ್ರಮಪಡುವ ಯುವಕನಿಗೆ ತನ್ನ ಮುಂದಿರುವ ಕಡತವನ್ನು ಸಂಶಯಿಸಲು ಯಾರು ಕಲಿಸಿದ್ದರು? 2007ರ ಸುಧಾರಣೆ ತರಬೇತಿಯಲ್ಲಿದ್ದವರನ್ನು ತಿಂಗಳುಗಟ್ಟಲೆ ವಕೀಲರ ಕಚೇರಿಗೆ ಕಳಿಸಲು ನಿಶ್ಚಯಿಸಿತು. ಆರೋಪಿಯ ಪಕ್ಕದಲ್ಲಿ ಕೂತು ನ್ಯಾಯಾಧೀಶನ ಮುಖವನ್ನು ನೋಡುವ ಅನುಭವ ಅದು. ಬೋರ್ಡೋ ಶಾಲೆ ತನ್ನ ವಿದ್ಯಾರ್ಥಿಗಳನ್ನು ಜೈಲಿಗೂ ಕಳಿಸುತ್ತದೆ. ಅಲ್ಲಿ ಅವರು ಕಾವಲು ಸಿಬ್ಬಂದಿಯ ಜೊತೆ ಪಾಳಿಯಲ್ಲಿ ನಿಲ್ಲುತ್ತಾರೆ. ಮುಂದೆ ಯಾರನ್ನಾದರೂ ಆರು ತಿಂಗಳು ಜೈಲಿಗೆ ಕಳಿಸುವ ಆದೇಶಕ್ಕೆ ಸಹಿ ಹಾಕುವಾಗ ಆ ಆರು ತಿಂಗಳು ಹೇಗಿರುತ್ತದೆ ಎಂಬುದು ಅವರ ಕಣ್ಣ ಮುಂದಿರುತ್ತದೆ. ಜರ್ಮನಿಯಲ್ಲೂ ಕಾನೂನು ಪದವೀಧರರು ಎರಡು ವರ್ಷ ನ್ಯಾಯಾಲಯ, ಪ್ರಾಸಿಕ್ಯೂಷನ್, ಸರ್ಕಾರಿ ಕಚೇರಿ, ವಕೀಲರ ಕಚೇರಿಗಳಲ್ಲಿ ದುಡಿಯದೆ ಎರಡನೇ ರಾಜ್ಯ ಪರೀಕ್ಷೆ ಬರೆಯುವಂತಿಲ್ಲ. ಸಣ್ಣ ಪ್ರಕರಣಗಳಲ್ಲಿ ಸರ್ಕಾರದ ಪರ ನಿಂತು ವಾದಿಸುವ ಅವಕಾಶವೂ ಅವರಿಗಿದೆ.

ಈಗ ಇದರ ಪಕ್ಕದಲ್ಲಿ ನೀತಿಯ ತರಬೇತಿಯನ್ನು ಇಟ್ಟು ನೋಡಿ. ನ್ಯಾಯ ಮತ್ತು ಗೃಹ ವ್ಯವಹಾರಗಳ ವಿಷಯದಲ್ಲಿ ಪರಿಣತಿ ಪಡೆಯಬಯಸುವ ಪದವೀಧರರು ಒಪ್ಪಂದದ ವಿಧಿಗಳನ್ನು, ಒಕ್ಕೂಟದ ಮಂತ್ರಿಮಂಡಳಿಯ ಕಾರ್ಯತಂಡಗಳ ಹೆಸರುಗಳನ್ನು, ಆಯೋಗ, ಸಂಸತ್ತು, ಮಂತ್ರಿಮಂಡಳಿಗಳ ನಡುವಿನ ಮುಚ್ಚಿದ ಬಾಗಿಲ ಮಾತುಕತೆಯ ರೀತಿ ನೀತಿಗಳನ್ನು ಕಲಿಯುತ್ತಾರೆ. ಕರಡು ಬರೆಯುವುದು, ರಾಜಿ ಪದ ಹುಡುಕುವುದು, 27 ದೇಶಗಳ ಪ್ರತಿನಿಧಿಗಳನ್ನು ಒಂದು ವಾಕ್ಯಕ್ಕೆ ಒಪ್ಪಿಸುವುದು ಅವರಿಗೆ ಸಿದ್ಧಿಸುತ್ತದೆ. ಇವೂ ಬೇಕಾದ ಕೌಶಲಗಳೇ. ಆದರೆ ಅವರ ಗೆಳೆಯರು ತಮ್ಮಂಥವರೇ, ಗುರುಗಳು ಅದೇ ದಾರಿಯಲ್ಲಿ ಬಂದವರೇ. ಬ್ರಸೆಲ್ಸ್‌ನಲ್ಲಿ ಬಾಡಿಗೆ ಕಟ್ಟಿ ಬದುಕಬಲ್ಲವರು ಮಾತ್ರ ಈ ದಾರಿಯಲ್ಲಿ ಉಳಿಯುತ್ತಾರೆ. ವಿದೇಶಗಳಲ್ಲಿರುವ ಒಕ್ಕೂಟದ ರಾಯಭಾರ ಕಚೇರಿಗಳಲ್ಲಿ ಇಂಟರ್ನ್‌ಗಳಿಗೆ ಸಂಬಳವೇ ಇಲ್ಲದ್ದನ್ನು ಸರಿಪಡಿಸಬೇಕೆಂದು ಒಂಬುಡ್ಸ್‌ಮನ್ ಎಮಿಲಿ ಓ'ರೈಲಿ 2017ರಲ್ಲಿ ಹೇಳಬೇಕಾಗಿ ಬಂತು. ಪೊಲೀಸ್ ಠಾಣೆಯ ಮೆಟ್ಟಿಲನ್ನು ಭಯದಿಂದ ಹತ್ತಿದ ಮನೆಯ ಮಕ್ಕಳು ಆ ಮೇಜಿನವರೆಗೆ ಬರುವುದು ಕಷ್ಟ.

ಇಂಥ ಮೇಜಿನಲ್ಲಿ ಹುಟ್ಟಿದ ಕಾನೂನಿನ ಗತಿಗೆ ಒಂದು ಉದಾಹರಣೆ ಸಾಕು. 2004ರಲ್ಲಿ ಮ್ಯಾಡ್ರಿಡ್, 2005ರಲ್ಲಿ ಲಂಡನ್ ಬಾಂಬ್ ದಾಳಿಗೆ ತುತ್ತಾದವು. ಎಲ್ಲರ ಫೋನ್ ಮತ್ತು ಇಂಟರ್ನೆಟ್ ಬಳಕೆಯ ವಿವರಗಳನ್ನು ಆರು ತಿಂಗಳಿಂದ ಎರಡು ವರ್ಷದವರೆಗೆ ಕೂಡಿಡಬೇಕೆಂಬ ನಿರ್ದೇಶನವನ್ನು ಆಯೋಗ 2005ರ ಸೆಪ್ಟೆಂಬರ್‌ನಲ್ಲಿ ಮುಂದಿಟ್ಟಿತು. ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. 2014ರ ಏಪ್ರಿಲ್ 8ರಂದು ಲಕ್ಸೆಂಬರ್ಗ್ ಅದನ್ನು ಪೂರ್ತಿಯಾಗಿ ಅಸಿಂಧುಗೊಳಿಸಿತು, ಏಕೆಂದರೆ ಯಾವ ಶಂಕೆಯೂ ಇಲ್ಲದ ಕೋಟ್ಯಂತರ ಜನರ ಖಾಸಗಿ ಬದುಕು ಅದರಿಂದ ಸರ್ಕಾರಗಳ ಕೈಗೆಟುಕುವಂತಾಗಿತ್ತು. ಕರಡು ಬರೆದವರು ಅಜ್ಞಾನಿಗಳಲ್ಲ, ತಮ್ಮ ವಿಷಯದಲ್ಲಿ ನುರಿತವರು. ಪ್ರಶ್ನೆ ಬಂದದ್ದು ಐರ್ಲೆಂಡಿನ ಒಂದು ಸಣ್ಣ ಹಕ್ಕು ಸಂಘಟನೆಯಿಂದ ಮತ್ತು ಆಸ್ಟ್ರಿಯದ ಸಾವಿರಾರು ಸಾಮಾನ್ಯ ಅರ್ಜಿದಾರರಿಂದ.

ಕಾನೂನುಗಳು ಬಂದ ಕ್ರಮವೂ ಇದನ್ನೇ ಹೇಳುತ್ತದೆ. ಬಂಧನ ವಾರಂಟ್ ಬಂದದ್ದು 2002ರಲ್ಲಿ. ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ವಿಷಯ ತಿಳಿಸಬೇಕೆಂಬ ಒಕ್ಕೂಟದ ನಿರ್ದೇಶನ ಬಂದದ್ದು 2010ರಲ್ಲಿ, ವಕೀಲರ ನೆರವಿನ ಹಕ್ಕಿನದು 2013ರಲ್ಲಿ, ಉಚಿತ ಕಾನೂನು ನೆರವಿನದು 2016ರಲ್ಲಿ. ನಡುವೆ ಆರೋಪಿಗಳ ಹಕ್ಕುಗಳ ಬಗೆಗಿನ 2004ರ ಒಂದು ಪ್ರಸ್ತಾವ 2007ರಲ್ಲಿ ಮಂತ್ರಿಗಳ ಮೇಜಿನಲ್ಲೇ ಬಿದ್ದುಹೋಯಿತು. ಹಿಡಿಯುವ ಕೈಗೆ ಬಲ ಬಂದು ಎಂಟು ವರ್ಷದ ಮೇಲೆ ಹಿಡಿಯಲ್ಪಟ್ಟವನ ಬಾಯಿಗೆ ಮಾತು ಬಂತು. ಆ ಎಂಟು ವರ್ಷಗಳಲ್ಲಿ ತನಗೆ ಬಾರದ ಭಾಷೆಯ ಕಾಗದವನ್ನು ಹಿಡಿದು ನ್ಯಾಯಾಲಯದಲ್ಲಿ ನಿಂತವನ ಪಕ್ಕದಲ್ಲಿ ಕರಡು ಬರೆಯುವವರು ಒಂದು ಬೆಳಗ್ಗೆ ಕೂತಿದ್ದರೆ ಈ ಕ್ರಮ ಹೀಗೆ ತಲೆಕೆಳಗಾಗುತ್ತಿರಲಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ನನ್ನ ಮಾತಿಗೆ ಬರುವ ಆಕ್ಷೇಪಗಳಲ್ಲಿ ಒಂದು ಬಹಳ ಗಂಭೀರವಾದದ್ದು. ಇಂದು ಯುರೋಪಿನಲ್ಲಿ ಅನುಮಾನಕ್ಕೆ ಕೊರತೆಯಿಲ್ಲ. ನೆರೆಯ ದೇಶದ ನ್ಯಾಯಾಲಯವನ್ನು ನಂಬಬೇಡಿ, ವಲಸಿಗನನ್ನು ನಂಬಬೇಡಿ, ಒಕ್ಕೂಟವನ್ನೇ ನಂಬಬೇಡಿ ಎಂದು ಕೂಗುವ ರಾಜಕಾರಣ ಮತ ಗಳಿಸುತ್ತಿದೆ. ಇಂಥ ಹೊತ್ತಿನಲ್ಲಿ ಯುವಜನರಿಗೆ ಸಂಶಯಿಸಲು ಕಲಿಸಿ ಎನ್ನುವುದು ಆ ಬೆಂಕಿಗೆ ತುಪ್ಪ ಸುರಿದಂತೆ ಅಲ್ಲವೇ? ಈ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಬ್ರೆಮೆನ್‌ನ ಅನುಮಾನಕ್ಕೂ ವೇದಿಕೆಯ ಮೇಲಿನ ಕೂಗಿಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಬ್ರೆಮೆನ್‌ನ ನ್ಯಾಯಾಧೀಶರು ಸಾಕ್ಷ್ಯ ಮುಂದಿಟ್ಟು ಕೇಳಿದರು, ಉತ್ತರಕ್ಕೆ ಕಾದರು, ಬಂದ ತೀರ್ಪಿಗೆ ತಲೆಬಾಗಿದರು. ಕೂಗುವವರಿಗೆ ಉತ್ತರವೇ ಬೇಕಿರುವುದಿಲ್ಲ. ಮೊದಲನೆಯದನ್ನು ಕಲಿಸದಿದ್ದರೆ ಎರಡನೆಯದಕ್ಕೆ ಎದುರು ನಿಲ್ಲುವವರು ಯಾರು? ಎಲ್ಲ ಸರಿಯಿದೆ ಎಂದು ಹೇಳುತ್ತಲೇ ಇರುವ ಅಧಿಕಾರಿಯ ಮಾತನ್ನು ಜನ ಒಂದು ದಿನ ಕೇಳುವುದನ್ನೇ ಬಿಡುತ್ತಾರೆ.

ಇನ್ನೊಂದು ಆಕ್ಷೇಪ: ಮೂಲಭೂತ ಹಕ್ಕುಗಳ ಪಾಠ ಈಗಾಗಲೇ ಎಲ್ಲ ಪಠ್ಯಗಳಲ್ಲೂ ಇದೆ. ಹೌದು, ವಾರ್ಸಾದಲ್ಲಿರುವ ಗಡಿ ಸಂಸ್ಥೆ ಫ್ರಾಂಟೆಕ್ಸ್‌ನ ತರಬೇತಿಯಲ್ಲೂ ಇದೆ. 2019ರ ನಿಯಮ ಆ ಸಂಸ್ಥೆಗೆ 2027ರೊಳಗೆ 10,000 ಜನರ ಗಡಿಪಡೆ ಕಟ್ಟಲು ಹೇಳಿತು, ಕನಿಷ್ಠ 40 ಹಕ್ಕು ವೀಕ್ಷಕರನ್ನು 2020ರ ಡಿಸೆಂಬರ್‌ನೊಳಗೆ ನೇಮಿಸಲೂ ಹೇಳಿತು. ಗಡುವು ಮುಗಿದ ದಿನ ಆ ವೀಕ್ಷಕರು ಹುದ್ದೆಯಲ್ಲಿರಲಿಲ್ಲ. ಗ್ರೀಸ್‌ನ ಸಮುದ್ರದಲ್ಲಿ ಆಶ್ರಯಾರ್ಥಿಗಳ ದೋಣಿಗಳನ್ನು ಹಿಂದಕ್ಕೆ ತಳ್ಳಿದ ಆರೋಪಗಳ ಸುತ್ತ ಒಕ್ಕೂಟದ ವಂಚನೆ ತಡೆ ಕಚೇರಿ ತನಿಖೆ ನಡೆಸಿತು. ಸಂಸ್ಥೆಯ ಹಕ್ಕುಗಳ ಅಧಿಕಾರಿಯನ್ನೇ ಮಾಹಿತಿಯಿಂದ ದೂರ ಇಡಲಾಗಿತ್ತು ಎಂಬುದು ಅದರ ವರದಿಯಲ್ಲಿ ಬಂತು. ಮುಖ್ಯಸ್ಥ ಫಾಬ್ರಿಸ್ ಲೆಜೆರಿ 2022ರ ಏಪ್ರಿಲ್ ಕೊನೆಯಲ್ಲಿ ರಾಜೀನಾಮೆ ಕೊಟ್ಟರು. ಪಾಠ ಇತ್ತು. ಪಾಠ ಕಲಿತವರು ಕಂಡದ್ದನ್ನು ಹೇಳಿದಾಗ ಕೇಳುವ ಕಿವಿ ಇರಲಿಲ್ಲ. ಹಕ್ಕುಗಳ ಅಧ್ಯಾಯವನ್ನು ಪಠ್ಯಕ್ಕೆ ಸೇರಿಸುವುದಕ್ಕೂ, ಮೇಲಧಿಕಾರಿಗೆ ಬೇಡ ಎಂದು ಬರೆದು ಕೊಡುವ ಅಭ್ಯಾಸವನ್ನು ಇಪ್ಪತ್ತೈದರ ಹರೆಯದಲ್ಲೇ ಮಾಡಿಸುವುದಕ್ಕೂ ದೂರವಿದೆ.

ಇದರಲ್ಲಿ ನಮಗೇನು ಎಂದು ಕನ್ನಡದ ಓದುಗರು ಕೇಳಬಹುದು. ಬೆಂಗಳೂರಿನಿಂದ ಯುರೋಪಿನ ಷೆಂಗೆನ್ ವೀಸಾಕ್ಕೆ ಬೆರಳಚ್ಚು ಕೊಟ್ಟವರ ಗುರುತು ಈ ನೀತಿಯಡಿ ಕಟ್ಟಿದ ದತ್ತಾಂಶ ವ್ಯವಸ್ಥೆಗೆ ಸೇರುತ್ತದೆ. 2025ರ ಅಕ್ಟೋಬರ್ 12ರಿಂದ ಶುರುವಾದ ಹೊಸ ಗಡಿ ವ್ಯವಸ್ಥೆ ಹೊರಗಿನವರ ಬಂದು ಹೋಗುವ ಲೆಕ್ಕವನ್ನೂ ಕಂಪ್ಯೂಟರಿನಲ್ಲಿ ಇಡುತ್ತದೆ. ಇನ್ನೊಂದು ನಂಟು ನಮ್ಮ ಜೈಲುಗಳದು. 2018ರಲ್ಲಿ, ಬ್ರಿಟನ್ ಇನ್ನೂ ಒಕ್ಕೂಟದಲ್ಲಿದ್ದಾಗ, ವಿಜಯ್ ಮಲ್ಯ ಅವರ ಹಸ್ತಾಂತರ ವಿಚಾರಣೆಯಲ್ಲಿ ಲಂಡನ್ನಿನ ನ್ಯಾಯಾಲಯ ಮುಂಬಯಿಯ ಆರ್ಥರ್ ರೋಡ್ ಜೈಲಿನ ಕೋಣೆಯ ವಿಡಿಯೊ ತರಿಸಿ ನೋಡಿತು. ಬೆಂಗಳೂರಿನ ಉದ್ಯಮಿಯ ಆ ಪ್ರಕರಣದಲ್ಲಿ ಅನೇಕರಿಗೆ ಇದು ನಮಗೆ ಮಾಡಿದ ಅವಮಾನ ಎನಿಸಿತು. ನನಗೆ ಅದು ನ್ಯಾಯಾಲಯ ತನ್ನ ಕೆಲಸ ಮಾಡಿದ ರೀತಿ ಎನಿಸುತ್ತದೆ. ಜೈಲು ನೋಡಿದ ಮೇಲೆ ಆ ವರ್ಷದ ಡಿಸೆಂಬರ್‌ನಲ್ಲಿ ಹಸ್ತಾಂತರಕ್ಕೆ ಅದು ಸಮ್ಮತಿಸಿತು. ಭಾರತದ ಜೈಲಿಗೆ ಕೇಳಿದ ಪ್ರಶ್ನೆಯನ್ನು ತಮ್ಮೊಳಗಿನ ದೇಶಗಳ ಜೈಲಿಗೂ ಕೇಳುವುದು ಸಹಜವಾಗಬೇಕು ಎಂಬುದಷ್ಟೇ ನನ್ನ ಬೇಡಿಕೆ.

ಮುಂದೆ ಬರುತ್ತಿರುವುದು ಇನ್ನೂ ವೇಗದ ಸಲಕರಣೆಗಳು. 2023ರ ಜುಲೈನಲ್ಲಿ ಅಂಗೀಕಾರವಾದ ವಿದ್ಯುನ್ಮಾನ ಸಾಕ್ಷ್ಯ ನಿಯಮಕ್ಕೆ 2026ರ ಆಗಸ್ಟ್ 18 ಅನ್ವಯದ ದಿನಾಂಕ. ಅದರಂತೆ ಒಂದು ದೇಶದ ಅಧಿಕಾರಿ ಇನ್ನೊಂದು ದೇಶದ ಕಂಪನಿಗೆ ನೇರವಾಗಿ ಆದೇಶ ಕಳಿಸಿ ಬಳಕೆದಾರರ ಮಾಹಿತಿ ಕೇಳಬಹುದು. ಹತ್ತು ದಿನದಲ್ಲಿ, ತುರ್ತಿದ್ದರೆ ಎಂಟು ಗಂಟೆಯಲ್ಲಿ ಕೊಡಬೇಕು. ಕೆಲವು ಬಗೆಯ ಆದೇಶಗಳನ್ನಷ್ಟೇ ಆ ಇನ್ನೊಂದು ದೇಶದ ಅಧಿಕಾರಿಗೆ ತಿಳಿಸಬೇಕು, ಉಳಿದವನ್ನು ತಿಳಿಸಬೇಕಿಲ್ಲ. ಯುರೋಪಿನಲ್ಲಿ ಇಂಥ ಸೇವೆ ನೀಡುವ ಕಂಪನಿ ಬೆಂಗಳೂರಿನದಾದರೂ ನಿಯಮ ಅದಕ್ಕೆ ಅನ್ವಯಿಸುತ್ತದೆ. ಬ್ರೆಮೆನ್‌ನಲ್ಲಿ ನ್ಯಾಯಾಧೀಶರ ಪೀಠವೊಂದು ಕೂತು ಯೋಚಿಸಿದ ಜಾಗದಲ್ಲಿ ಇನ್ನು ಮುಂದೆ ಅನೇಕ ಬಾರಿ ಕಂಪನಿಯ ಪ್ರತಿನಿಧಿಯೊಬ್ಬರು ಗಡಿಯಾರ ನೋಡುತ್ತ ಕೂರಲಿದ್ದಾರೆ. ಹಾಗಾಗಿ ಆದೇಶಕ್ಕೆ ಸಹಿ ಹಾಕುವವರ ಮನಸ್ಸಿನಲ್ಲೇ ಆ ಪ್ರಶ್ನೆ ಮೊದಲೇ ಹುಟ್ಟಬೇಕಾಗುತ್ತದೆ.

ಈ ತರಬೇತಿಗಳನ್ನು ರೂಪಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ನೀತಿಯ ಕೋರ್ಸಿಗೆ ಸೇರುವ ಮುನ್ನ ಎರಡು ವರ್ಷ ಕೆಳ ನ್ಯಾಯಾಲಯದಲ್ಲೋ ಆಶ್ರಯ ಕಚೇರಿಯಲ್ಲೋ ಜೈಲಿನಲ್ಲೋ ಠಾಣೆಯಲ್ಲೋ ದುಡಿದಿರಬೇಕೆಂದು ನಿಯಮ ಮಾಡಿ. ಅದಕ್ಕೆ ಬದುಕಲು ಸಾಕಾಗುವಷ್ಟು ಸಂಬಳ ಕೊಡಿ. ಆರೋಪಿಗಳ ವಕೀಲರನ್ನು ಅತಿಥಿಗಳಾಗಿ ಒಂದು ಗಂಟೆಗೆ ಕರೆಯದೆ ಅಧ್ಯಾಪಕರನ್ನಾಗಿ ನೇಮಿಸಿ. ಒಂದು ದೇಶದ ಕಿರಿಯ ನ್ಯಾಯಾಧೀಶರು ಇನ್ನೊಂದು ದೇಶದ ನ್ಯಾಯಾಲಯದಲ್ಲಿ ಕೂತು ನೋಡುವ ವಿನಿಮಯವನ್ನು ತರಬೇತಿ ಜಾಲ ಈಗಾಗಲೇ ನಡೆಸುತ್ತಿದೆ. ನಾನು ಕಂಡಂತೆ ಅದು ಆ ಜಾಲದ ಅತ್ಯುತ್ತಮ ಕೆಲಸ. ಅದನ್ನು ವಾರಗಳಿಂದ ತಿಂಗಳುಗಳಿಗೆ ಬೆಳೆಸಿ.

ನಮ್ಮ ಕಾನೂನು ಕಾಲೇಜುಗಳಿಂದಲೂ ಇದೇ ವಿಷಯ ಓದಲು ಯುರೋಪಿಗೆ ಹೋಗುವವರಿದ್ದಾರೆ. ಹೊರಡಲು ಅರ್ಜಿ ಬರೆಯುತ್ತಿರುವ ಗೆಳೆಯರೇ, ಒಂದು ವರ್ಷ ತಡ ಮಾಡಿ ಹೋಗಿ. ಆ ಒಂದು ವರ್ಷ ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಜೊತೆ ಕೆಲಸ ಮಾಡಿ, ಜಾಮೀನಿಗೆ ಹಣವಿಲ್ಲದೆ ಒಳಗೆ ಉಳಿದವರನ್ನು ಜೈಲಿನಲ್ಲಿ ಭೇಟಿಯಾಗಿ, ಅವರ ಅರ್ಜಿಗಳನ್ನು ನಿಮ್ಮ ಕೈಯಾರೆ ಬರೆಯಿರಿ.